ಆರೋಗ್ಯದ ಆ್ಯಪಿಗೊಂದು ದಾರಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ಆರೋಗ್ಯದ ಮಾತೇಕೆಂದು ತಾವು ನಗಬಹುದು. ದಾರಿ ತಪ್ಪಿದವರನ್ನು ನಾವು ದಿನವೂ ಕಾಣುತ್ತೇವೆ. ನೆತ್ತಿಯ ಮೇಲೆ ದೊಡ್ಡಕ್ಷರದ ಫಲಕವಿದ್ದರೂ ಜನ ಜವಾನನನ್ನೇ ಕೇಳುತ್ತಾರೆ: "ದುಡ್ಡು ಕಟ್ಟುವುದೆಲ್ಲಿ?" ಫಲಕದಲ್ಲಿರುವುದು ಕಚೇರಿಯ ಮಾತು. (ಅದನ್ನು ತಿದ್ದಲು ನಮ್ಮ ಮ್ಯಾನೇಜರು ಇನ್ನೂ ಒಪ್ಪಿಲ್ಲ!)

ನಮ್ಮ ಸಂಘದ ತರುಣರು ತಯಾರಿಸಿದ ಆರೋಗ್ಯದ ಆ್ಯಪಿಗೂ ಇದೇ ಗತಿಯಾಗಿತ್ತು. ಒಳಗೆ ಒಳ್ಳೆಯ ಬರಹಗಳುಂಟು; ತೆರೆದು ನೋಡುವವರಿಲ್ಲ. 'ರೋಗಗಳು', 'ತಪಾಸಣೆ', 'ಜೀವನಕ್ರಮ' ಎಂದು ವೈದ್ಯರ ಮನಸ್ಸಿಗೆ ಒಪ್ಪುವಂತೆ ವಿಂಗಡಿಸಿದ್ದೆವು. ಆಗ ವಿನ್ಯಾಸಕಾರರ ಹಳೆಯ ಉಪಾಯವೊಂದನ್ನು ಹಿಡಿದೆವು. ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಹಿರಿಯರ ಮುಂದೆ ಹರಡಿ, ತೋಚಿದಂತೆ ಗುಂಪು ಮಾಡಿ ಹೆಸರಿಡಿರೆಂದು ಬೇಡಿದೆವು.

ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಅಜ್ಜಿಯೊಬ್ಬರು ಊಟ, ಮಾತ್ರೆ, ಪಾದದ ಆರೈಕೆಯ ಚೀಟಿಗಳನ್ನು ಕೂಡಿಸಿ "ನನ್ನ ಸಕ್ಕರೆ" ಎಂದರು. ಕಣ್ಣಿನ ತಪಾಸಣೆಯ ಚೀಟಿಯನ್ನು ಮಾತ್ರ ದೂರ ಸರಿಸಿ, "ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲಪ್ಪ, ಇದು ನನಗಲ್ಲ" ಎಂದರು. ಸಕ್ಕರೆಯಿಂದ ಅಕ್ಷಿಪಟಲ ಕೆಡತೊಡಗಿದಾಗ ಮೊದಮೊದಲು ನೋಟದಲ್ಲಿ ವ್ಯತ್ಯಾಸವೇ ತಿಳಿಯದಿರಬಹುದು. ವರ್ಷಕ್ಕೊಮ್ಮೆ ಪರೀಕ್ಷೆ ಬೇಕೆನ್ನುವುದು ಅದಕ್ಕೇ. ಇದನ್ನು ಹೇಳುವ ಪುಟವನ್ನು ನಾವು 'ತಪಾಸಣೆ'ಯೊಳಗೆ ಮೂರನೆಯ ಬಾಗಿಲಿನಾಚೆ ಇಟ್ಟಿದ್ದೆವು. ಕೇಳಿದ್ದನ್ನಷ್ಟೇ ತೋರಿಸಿದರೆ ಸಾಲದು, ಕೇಳಲು ತಿಳಿಯದ್ದನ್ನೂ ಅದರ ಮಗ್ಗುಲಿಗೇ ಇಡಬೇಕೆಂಬುದು ಅಂದು ಹೊಳೆಯಿತು. ಈಗ ಹೆಸರು ಅಜ್ಜಿಯವರು ಇಟ್ಟದ್ದೇ. ಒಳಗಿನ ಮೊದಲ ಪುಟ ಕಣ್ಣಿನದು.

ಕಳೆದ ಶನಿವಾರ ಮೊಮ್ಮಗ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದ. ರಕ್ತದೊತ್ತಡದ ಚೀಟಿಗಳು ಇಂದು ಹೊರಗಿನ ಮೇಜಿನ ಮೇಲಿವೆ; ಹಿರಿಯರು ಊಟಕ್ಕೆ ಮೊದಲು ಒಮ್ಮೆ ಕೈಯಾಡಿಸಬೇಕೆಂದು ಕೋರುತ್ತೇವೆ.