ಮಠವೂ ಒಂದು ಮನೆ



ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆ ರೈಲಿನಲ್ಲಿ ಹೊರಟರೆ, ಪುತ್ತೂರು ದಾಟಿದ ಬಳಿಕ ಕಾಣಿಯೂರು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರಿದು. ಮಠ ಎಂದೊಡನೆ ನಮಗೆ ಪೂಜೆ, ಪರ್ಯಾಯ ನೆನಪಾಗುತ್ತವೆ. ಆದರೆ ಒಂದು ಮಠಕ್ಕೆ ಎರಡು ವರ್ಷದ ಪರ್ಯಾಯದ ಸರದಿ ಬರುವುದು 16 ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಯತಿಗಳು ಇರುವುದಕ್ಕೆ, ಶಿಷ್ಯರು ಓದುವುದಕ್ಕೆ, ಬಂದವರು ಉಣ್ಣುವುದಕ್ಕೆ ಒಂದು ಮನೆ ಬೇಕಲ್ಲ? ಆ ಮನೆಯೇ ಮಠ.

ಉಡುಪಿಯ ರಥಬೀದಿಯಲ್ಲಿ ನಿಂತು ನೋಡಿ. ಹಳೆಯ ಮಠಗಳ ಮುಖ ಗೋಪುರದಂತಿಲ್ಲ, ಮನೆಯಂತಿದೆ. ಮರದ ಕಂಬ, ಜಗಲಿ, ಇಳಿಜಾರಾದ ಮಾಡು. ಇದಕ್ಕೆ ಕಾರಣ ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುತ್ತದೆ. ನೀರು ನಿಲ್ಲದೆ ಜಾರಬೇಕು, ಗೋಡೆಗೆ ತಾಗಬಾರದು. ಆದ್ದರಿಂದ ಮಾಡು ಗೋಡೆಯಿಂದ ಬಹಳ ಹೊರಕ್ಕೆ ಚಾಚುತ್ತದೆ. ಅದರ ಕೆಳಗಿನ ಜಾಗವೇ ಜಗಲಿಯಾಯಿತು. ಗೋಡೆಯ ಮುರಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗೆ, ಕೊಡಲಿಗೂ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಒಣಗಿದಂತೆ ಅದರ ಕಬ್ಬಿಣದ ಅಂಶ ಗಟ್ಟಿಯಾಗಿ ಕಲ್ಲು ಬಿಗಿಯುತ್ತದೆ. ನಾವಿಂದು ಹಳೆಯದೆಂದು ಹೇಳುವ ಮಂಗಳೂರು ಹಂಚು ಬಂದದ್ದು 1865ರಲ್ಲಿ, ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದಾಗ. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲೇ ಗತಿ.

ಹುಲ್ಲಿನ ಮಾಡು ಇಂಗ್ಲೆಂಡಿನಲ್ಲೂ ಇತ್ತು. ಸಸೆಕ್ಸಿನ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ ಚರ್ಚಿನ ಪಕ್ಕ ಪಾದ್ರಿಗಳಿದ್ದ ಮನೆಯೊಂದಿದೆ. 14ನೆಯ ಶತಮಾನದ್ದು. ಮರದ ಚೌಕಟ್ಟು, ನಡುವೆ ಮಾಡಿನವರೆಗೂ ತೆರೆದ ದೊಡ್ಡ ಚಾವಡಿ. ಮೊದಲಿಗೆ ಚಿಮಣಿಯಿರಲಿಲ್ಲ, ನೆಲದ ಮೇಲೆ ಉರಿದ ಬೆಂಕಿಯ ಹೊಗೆ ಹುಲ್ಲಿನ ಸಂದಿಯಲ್ಲಿ ಹೊರಡುತ್ತಿತ್ತು. ನಮ್ಮಲ್ಲಿ ನೆಲಕ್ಕೆ ಸಗಣಿ ಸಾರಿಸಿದರೆ ಅಲ್ಲಿ ಸುಣ್ಣಕಲ್ಲಿನ ಪುಡಿಗೆ ಹುಳಿಹಾಲು ಬೆರೆಸಿ ಬಡಿಯುತ್ತಿದ್ದರು! ಈ ಮನೆಯನ್ನು ಕೆಡವುವ ಮಾತೂ ನಡೆದಿತ್ತು. 1896ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 10 ಪೌಂಡಿಗೆ ಕೊಂಡುಕೊಂಡಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಅದು.

ನನ್ನದೊಂದು ತಪ್ಪನ್ನು ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಒಂದು ದೇವಸ್ಥಾನದ ಚಿತ್ರೀಕರಣಕ್ಕೆ ಹೋಗಿದ್ದೆವು. ಪಕ್ಕದ ಅರ್ಚಕರ ಮನೆಯ ಜಗಲಿಯಲ್ಲೇ ಊಟ. ಕೆತ್ತನೆಯ ಕಂಬಕ್ಕೆ ಒರಗಿ ಮಜ್ಜಿಗೆ ಕುಡಿದೆ. ಕ್ಯಾಮೆರಾ ಮಾತ್ರ ದೇವಸ್ಥಾನದ ಕಡೆಗೇ ಇತ್ತು. ಮತ್ತೆ ಹೋದಾಗ ಅಲ್ಲಿ ತಾರಸಿ ಮನೆ. ಅವರನ್ನು ದೂರುವಂತಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಹಂಚು ಸರಿಮಾಡಬೇಕು, ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ, ಕೆಲಸದವರು ಸಿಗುವುದಿಲ್ಲ. ಆದರೆ ಆ ಮನೆಯ ಒಂದು ಚಿತ್ರವೂ ನನ್ನ ಟೇಪಿನಲ್ಲಿಲ್ಲ.

ನಿಮ್ಮ ಊರಿನಲ್ಲಿ ಅಂಥ ಮನೆಯೊಂದು ಉಳಿದಿದ್ದರೆ, ಮನೆಯವರ ಒಪ್ಪಿಗೆ ಕೇಳಿ, ಈ ರಜೆಯಲ್ಲೇ ಹೋಗಿ. ಅಳತೆಯ ಟೇಪು, ಚೌಕುಳಿ ಕಾಗದ ಸಾಕು. ಗೋಡೆಯ ದಪ್ಪ, ಜಗಲಿಯ ಅಗಲ, ಕಂಬಗಳ ಅಂತರ ಬರೆದುಕೊಳ್ಳಿ. ಯಾವ ಬಾಗಿಲಿನವರೆಗೆ ಯಾರಿಗೆ ಪ್ರವೇಶವಿತ್ತು ಎಂದು ಹಿರಿಯರನ್ನು ಕೇಳಿ. ಅದು ಗೋಡೆಯಲ್ಲಿ ಕಾಣುವುದಿಲ್ಲ.