ಒಕ್ಕಲು

ಒಕ್ಕಲು ಎಂಬ ಮಾತಿಗೆ ಮನೆ, ಸಂಸಾರ, ಬೇಸಾಯಗಾರ ಎಂಬ ಅರ್ಥಗಳಿವೆ. ಹೊಸ ಮನೆಯ ಪ್ರವೇಶವೂ ಕರಾವಳಿಯಲ್ಲಿ ಒಕ್ಕಲೇ. ತೆನೆಯಿಂದ ಕಾಳು ಬೇರ್ಪಡಿಸುವ ಒಕ್ಕಣೆಗೂ ಇದಕ್ಕೂ ನಂಟು ಹೇಳುವುದುಂಟು. ಕಾರವಾರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಹೆಸರಿನಲ್ಲಿ ಈ ಪದ ಉಳಿದಿದೆ.

ಆದರೆ ಉತ್ತರ ಕನ್ನಡದ ಈ ಭಾಗದಲ್ಲಿ ಆ ಪದಕ್ಕೆ ಇನ್ನೊಂದು ಭಾರವೂ ಅಂಟಿತ್ತು. ಭೂಮಿಯಿದ್ದವ ಒಡೆಯ, ಅದನ್ನು ಗೇಣಿಗೆ ಉಳುವವ ಅವನ ಒಕ್ಕಲು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಗೇಣಿಗೆ ಹೋಗುತ್ತಿತ್ತು. ಒಡೆಯರ ಮನೆಯ ಬಿಟ್ಟಿ ಕೆಲಸ ಬೇರೆ. ಉಳಿದದ್ದು ಹೊಟ್ಟೆಗೆ ಸಾಲದಾಗ ಒಕ್ಕಲೇ ಕೂಲಿಯಾಳೂ ಆಗುತ್ತಿದ್ದ. ರೈತನಿಗೆ ಗೌರವ ತರಬೇಕಾದ ಪದ ಹೀಗೆ ಅಧೀನತೆಯ ಗುರುತಾದದ್ದು ವಿಪರ್ಯಾಸವೇ ಸರಿ.

ಈ ಒಕ್ಕಲುಗಳನ್ನು ಸಂಘಟಿಸಿದವರು ಅಂಕೋಲೆಯ ದಿನಕರ ದೇಸಾಯಿ, ಅದೇ ಚುಟುಕಗಳ ಕವಿ. ರೈತಕೂಟದ ಹೋರಾಟಕ್ಕಾಗಿ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ 1948ರ ಮುಂಬಯಿ ಗೇಣಿ ಕಾಯ್ದೆ ತುಸು ರಕ್ಷಣೆ ಕೊಟ್ಟಿತು. ಕರ್ನಾಟಕದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಅರ್ಜಿ ಹಾಕಿ ಗೇಣಿಯನ್ನು ಸಾಬೀತು ಮಾಡಿದ ಒಕ್ಕಲಿಗೆ ಭೂನ್ಯಾಯ ಮಂಡಳಿಯ ಮೂಲಕ ಒಡೆತನ ಸಿಕ್ಕಿತು. ಬರೀ ಕೂಲಿ ಮಾಡುತ್ತಿದ್ದವರಿಗೆ ಆ ದಾರಿ ತೆರೆಯಲಿಲ್ಲ.