ಐಎಎಸ್ ಬಿಟ್ಟು ಮಾರುತಿಗೆ, ಮಾರುತಿ ಬಿಟ್ಟು ಗ್ಯಾರೇಜಿಗೆ

ಐಎಎಸ್ ಆದವರು ಆ ಕುರ್ಚಿ ಬಿಟ್ಟು ಕಂಪನಿ ನಡೆಸೋಕೆ ಹೋದ್ರೆ ಏನಾಗುತ್ತೆ? ಇವತ್ತು ಜಗದೀಶ್ ಖಟ್ಟರ್ ಅವರ ಕಥೆ. ಹೆಸರು ಕೇಳಿಲ್ವಾ? ಪರವಾಗಿಲ್ಲ. ಅವರ ಕಾಲದಲ್ಲಿ ಬಂದ ಸ್ವಿಫ್ಟ್ ಕಾರು ನಿಮ್ಮ ಬೀದಿಯಲ್ಲೇ ನಿಂತಿರುತ್ತೆ.

ಖಟ್ಟರ್ 1965ರ ಬ್ಯಾಚು, ಉತ್ತರ ಪ್ರದೇಶ ಕೇಡರ್. ಆ ರಾಜ್ಯದ ರಸ್ತೆ ಸಾರಿಗೆ ನಿಗಮ, ಸಿಮೆಂಟ್ ನಿಗಮ ಎರಡನ್ನೂ ನಡೆಸಿದವರು. ನಮ್ಮ ಕೆಎಸ್‌ಆರ್‌ಟಿಸಿಗೆ ಎಂಡಿ ಬರ್ತಾರಲ್ಲ, ಅಂಥದೇ ಕೆಲಸ. ಡಿಪೋ, ಯೂನಿಯನ್, ನಷ್ಟದ ಲೆಕ್ಕ ಎಲ್ಲಾ ಅಲ್ಲಿ ಕಲೀಬಹುದು. ಆದ್ರೆ ಟಿಕೆಟ್ ದರ ಏರಿಸೋಕೆ ಸರ್ಕಾರ ಒಪ್ಪಬೇಕು, ಮೇಲಾಗಿ ಯಾವಾಗ ಟ್ರಾನ್ಸ್‌ಫರ್ ಆಗುತ್ತೋ ದೇವರಿಗೇ ಗೊತ್ತು.

1993ರಲ್ಲಿ ಅವರು ಮಾರುತಿಗೆ ಬಂದ್ರು, ಮಾರ್ಕೆಟಿಂಗ್ ನಿರ್ದೇಶಕರಾಗಿ. ಆಗ ಮಾರುತಿ ಅರ್ಧ ಸರ್ಕಾರದ್ದು, ಅರ್ಧ ಜಪಾನಿನ ಸುಜುಕಿಯದ್ದು. ಮುಖ್ಯಸ್ಥರಾಗಿದ್ದ ಆರ್.ಸಿ. ಭಾರ್ಗವ ಕೂಡ ಹಳೇ ಐಎಎಸ್ ಅಧಿಕಾರಿಯೇ. ಹಾಗಾಗಿ ಇದು ಒಂದೇ ಸಲ ಬಾವಿಗೆ ಹಾರಿದ ಹಾಗಲ್ಲ, ಮೆಟ್ಟಿಲು ಇತ್ತು.

1999ರಲ್ಲಿ ಎಂಡಿ ಆದಾಗ ಕಾಲ ಕೆಟ್ಟಿತ್ತು. ಹಿಂದಿನ ವರ್ಷವಷ್ಟೇ ಸ್ಯಾಂಟ್ರೋ, ಇಂಡಿಕಾ ಬಂದಿದ್ವು. 2000-01ರಲ್ಲಿ ಮಾರುತಿ ಮೊದಲ ಸಲ ನಷ್ಟ ಕಂಡಿತು. ಅದೇ ವರ್ಷ ಗುರ್‌ಗಾಂವ್ ಕಾರ್ಖಾನೆಯಲ್ಲಿ ಕಾರ್ಮಿಕರ ಜೊತೆ ದೊಡ್ಡ ಜಗಳ. ಒಳಗೆ ಬರಬೇಕಂದ್ರೆ ಒಳ್ಳೆ ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಅಂತ ಕಂಪನಿ ಪಟ್ಟು ಹಿಡೀತು. ಸರ್ಕಾರಿ ಕಚೇರಿಯ ವಾಸನೆ ಬರುತ್ತೆ ಅಲ್ವಾ? ನನಗಂತೂ ಬರುತ್ತೆ. ಆದರೆ ಕಂಪನಿ ಎದ್ದು ನಿಂತಿದ್ದೂ ಅವರ ಕೈಯಲ್ಲೇ. ಹಳೇ ಕಾರು ಮಾರೋ ಟ್ರೂ ವ್ಯಾಲ್ಯೂ ಶುರುವಾಯ್ತು. 2003ರಲ್ಲಿ ಷೇರು 125 ರೂಪಾಯಿಗೆ ಜನರ ಕೈಗೆ ಬಂತು. 2005ರಲ್ಲಿ ಸ್ವಿಫ್ಟ್.

2007ರಲ್ಲಿ ನಿವೃತ್ತಿ. ಅಲ್ಲಿಗೆ ಕಥೆ ಮುಗಿದಿದ್ರೆ ನಾನು ಈ ಎಪಿಸೋಡ್ ಮಾಡ್ತಿರಲಿಲ್ಲ. 65 ದಾಟಿದ ಮೇಲೆ ಸ್ವಂತ ಕಂಪನಿ ಕಟ್ಟಿದ್ರು: ಕಾರ್ನೇಶನ್ ಆಟೋ. ಯಾವ ಕಂಪನಿ ಕಾರಾದ್ರೂ ಒಂದೇ ಕಡೆ ರಿಪೇರಿ. ಬೆಂಗಳೂರಿನ ಪ್ರೇಮ್‌ಜಿ ಇನ್ವೆಸ್ಟ್ ಕೂಡ ದುಡ್ಡು ಹಾಕಿತು. ಐಡಿಯಾ ಚೆನ್ನಾಗಿದೆ ಅಂತ ಈಗಲೂ ಅನ್ಸುತ್ತೆ.

ತೊಡಕು ಎಲ್ಲಿತ್ತು ನೋಡಿ. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಬಿಡ್ತಿರಲಿಲ್ಲ. 2014ರಲ್ಲಿ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ 14 ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿತು. ಆ ಪಟ್ಟಿಯಲ್ಲಿ ಮಾರುತಿಯೂ ಇತ್ತು! ನಿನ್ನೆವರೆಗೆ ಬಾಗಿಲ ಒಳಗಿದ್ದವರು ಈಗ ಅದೇ ಬಾಗಿಲು ತಟ್ಟಬೇಕು. ನಿಗಮವೋ ಮಾರುತಿಯೋ, ಎಲ್ಲೇ ಇದ್ರೂ ಹಿಂದೆ ಒಂದು ದೊಡ್ಡ ಹೆಸರು ಇರ್ತಿತ್ತು. ಇಲ್ಲಿ ಇದ್ದಿದ್ದು ಸ್ವಂತ ಹೆಸರು, ಬ್ಯಾಂಕ್ ಸಾಲ ಅಷ್ಟೇ.

ಸಾಲ ತೀರಲಿಲ್ಲ. 2019ರಲ್ಲಿ 110 ಕೋಟಿ ರೂಪಾಯಿ ಬ್ಯಾಂಕ್ ಸಾಲದ ವಿಚಾರದಲ್ಲಿ ಸಿಬಿಐ ಕೇಸು ಹಾಕಿತು. ವ್ಯಾಪಾರ ಸೋತಿದ್ದು ನಿಜ, ಮೋಸ ಮಾಡಿಲ್ಲ ಅನ್ನೋದು ಅವರ ಉತ್ತರ. 2021ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಹಾಂ, ಪರೀಕ್ಷೆಗೆ ಓದ್ತಿರೋರಿಗೆ ಒಂದು ಮಾತು. ಐಎಎಸ್ ಅಧಿಕಾರಿ ನಿವೃತ್ತಿಯಾಗಿ ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಸೇರೋದಾದ್ರೆ ಸರ್ಕಾರದ ಅನುಮತಿ ಬೇಕು. ಮೊದಲು ಎರಡು ವರ್ಷ ಇತ್ತು. ನಿನ್ನೆ ಯಾರ ಫೈಲಿಗೆ ಸಹಿ ಹಾಕಿದ್ರೋ ಇವತ್ತು ಅವರ ಹತ್ರವೇ ಸಂಬಳಕ್ಕೆ ಹೋಗಬಾರದು ಅಂತ ಈ ನಿಯಮ. ಒಂದು ವರ್ಷ ಸಾಕಾ? ನನಗೆ ಕಮ್ಮಿ ಅನ್ಸುತ್ತೆ, ನಿಮಗೆ ಹೇಗನ್ಸುತ್ತೆ ಹೇಳಿ. ಮುಂದಿನ ವಾರ ಸಿಗೋಣ.